ಪರದೇಶದ ಮೆಟ್ಟಿಲು

ಮನೆಯಿಂದ, ಮಾರ್ಚ್ ಒಂಬತ್ತು, ಭಾನುವಾರ

ಹೆಸರುವಾಸಿಯಾದ ನನ್ನ ತಮ್ಮನಿಗೆ,

ಕ್ಷೇಮವೇ? ಕೇಳುವುದು ಪದ್ಧತಿ, ಕೇಳಿದೆ. ಪತ್ರಿಕೆಯ ಫೋಟೋದಲ್ಲಿ ಕೆನ್ನೆ ತುಂಬಿಕೊಂಡಿವೆ, ಆದ್ದರಿಂದ ಉತ್ತರ ಬೇಕಿಲ್ಲ. ನನ್ನ ಹೊಲಿಗೆ ಅಂಗಡಿ ನಡೆಯುತ್ತಿದೆ. ಅಪ್ಪ ಹುರುಪಿನಲ್ಲಿದ್ದಾನೆ. ನನಗೆ ನಿದ್ದೆ ಬಾರದಿರುವುದೂ ಅದಕ್ಕೇ.

ಡಿಸೆಂಬರಿನಲ್ಲಿ ನೀನು ಕಳಿಸಿದ ಆ ಪತ್ರಿಕೆಯನ್ನು, ಕಣ್ಣು ಮಂಜಾಗಿದ್ದ ಅಪ್ಪನಿಗೆ ನಾನೇ ಗಟ್ಟಿಯಾಗಿ ಓದಿದೆ. ಆ ಪರದೇಶದಲ್ಲಿ ನೀನು ನಕ್ಷೆ ಬರೆದು ಕಟ್ಟಿಸಿದ ಗ್ರಂಥಾಲಯಕ್ಕೆ ಬಹುಮಾನ ಬಂದದ್ದು, ಅದರ ಮೆಟ್ಟಿಲು ನೋಡಲೆಂದೇ ಜನ ಬರುವುದು, ಎಲ್ಲ. ಸ್ಫೂರ್ತಿ ಎಲ್ಲಿ ಸಿಕ್ಕಿತೆಂಬ ಪ್ರಶ್ನೆಗೆ ನೀನು ಕೊಟ್ಟ ಉತ್ತರವನ್ನೂ ಓದಿಬಿಟ್ಟೆ. ಬಾಯಿಗೆ ಬಂದದ್ದನ್ನು ಅರ್ಧಕ್ಕೆ ನುಂಗಲಾಗಲಿಲ್ಲ. ಆ ದೇಶ ಸುತ್ತುವಾಗ, ಬೆಟ್ಟದ ಮೇಲಿನ ಯಾವುದೋ ಸನ್ಯಾಸಿಗಳ ಮಠದಲ್ಲಿ ತಗ್ಗು ಮೆಟ್ಟಿಲು, ತಿರುವಿನಲ್ಲಿ ಕೂರಲೊಂದು ಗೂಡು ಕಂಡೆಯಂತೆ. ಮೈ ಜುಮ್ಮೆಂದಿತಂತೆ. ಅಂಥ ಮಠವೊಂದು ಇದ್ದರೆ ನನ್ನ ಕತ್ತರಿಯನ್ನು ಬಾವಿಗೆ ಎಸೆಯುತ್ತೇನೆ.

ಅಮ್ಮನ ಮೊಣಕಾಲು ಕೆಟ್ಟಾಗ ನಿನಗೆ ಹತ್ತು ವರ್ಷ. ಊರವರ ಮನೆಗಳಿಗೆ ಗಾರೆ ಮೆತ್ತಿ ಸುಸ್ತಾಗಿ ಬರುತ್ತಿದ್ದ ಅಪ್ಪ, ನಮ್ಮ ಮನೆಯ ಮೆಟ್ಟಿಲನ್ನು ಎರಡು ಸಲ ಒಡೆದು ತಗ್ಗಿಸಿ ಕಟ್ಟಿದ. ಗಾರೆ ಮೆತ್ತುವ ಮುಂಚೆ ಬರೀ ಇಟ್ಟಿಗೆಯ ಮೇಲೆ ಅಮ್ಮನನ್ನು ಹತ್ತಿಸಿ, ಹಿಂದೆಯೇ ನಡೆದು, ಅವಳು ಉಸಿರು ಬಿಗಿಹಿಡಿದ ಕಡೆ ಸೀಮೆಸುಣ್ಣದ ಗೀಟು ಹಾಕಿದ. ಅಲ್ಲೇ ಗೂಡು ಬಂತು. ಸೀಮೆಸುಣ್ಣ ಎತ್ತಿಕೊಟ್ಟವನು ನೀನು. ಆಮೇಲೆ ಗೆಳೆಯರು ಅಜ್ಜಿ ಮೆಟ್ಟಿಲೆಂದು ನಕ್ಕರೆಂದು ಯಾರನ್ನೂ ಮನೆಗೆ ಕರೆಯದವನೂ ನೀನೇ. ಈಗ ಅದಕ್ಕೇ ಹಾರ ಹಾಕಿಸಿಕೊಳ್ಳುತ್ತೀಯಲ್ಲ, ಕುತ್ತಿಗೆ ನೋಯುವುದಿಲ್ಲವೇ?

ಅಪ್ಪ ಸಿಡಿಯುತ್ತಾನೆ ಅಂದುಕೊಂಡಿದ್ದೆ. ಸಿಡಿದಿದ್ದರೆ ಚೆನ್ನಾಗಿತ್ತು. “ಅಲ್ಲೂ ಯಾರಿಗೋ ಮೊಣಕಾಲು ನೋವಿತ್ತೇನೋ ಮಗಳೇ. ಕಟ್ಟಿದೋನು ಒಳ್ಳೇ ಕೆಲಸಗಾರ” ಅಂದ. ನಿನ್ನನ್ನು ನಂಬಿಬಿಟ್ಟಿದ್ದಾನೆ ಕಣೋ. ಸಮುದ್ರದಾಚೆ ತನ್ನಂತೆಯೇ ಯೋಚಿಸಿದವನೊಬ್ಬ ಇದ್ದನೆಂದು ಹಳೆಯ ಗಾರೆಯವರಿಗೆಲ್ಲ ಹೇಳಿಕೊಂಡು ಬಂದ. ನಿಜ ಹೇಳಲು ಮೂರು ಸಲ ಬಾಯಿ ತೆರೆದೆ. ಅವನ ಮುಖ ನೋಡಿ ಮುಚ್ಚಿದೆ. ಆ ಪಾಪದಲ್ಲಿ ನೀನು ನನ್ನನ್ನೂ ಪಾಲುದಾರಳನ್ನಾಗಿ ಮಾಡಿದೆ. ಇದೊಂದನ್ನು ನಾನು ಕ್ಷಮಿಸುವುದಿಲ್ಲ.

ಹಿರಿಯಳು, ಹರಸಲೇಬೇಕು. ಮೈಗೆ ಆರೋಗ್ಯವಿರಲಿ, ನಾಲಿಗೆಗೆ ನಾಚಿಕೆ ಬರಲಿ.

ನಿನ್ನ ಅಕ್ಕ

ಮರೆತಿದ್ದೆ: ಇಷ್ಟು ವರ್ಷ ಒಲ್ಲೆನೆಂದ ಅಪ್ಪ ಹೋದ ತಿಂಗಳು ಕಣ್ಣಿನ ಪೊರೆ ತೆಗೆಸಿಕೊಂಡ. ಪಾಸ್‌ಪೋರ್ಟೂ ವೀಸಾವೂ ಬಂದಿವೆ. ಆ ಮಠದ ಮೆಟ್ಟಿಲನ್ನು ಕೈಯಿಂದ ಮುಟ್ಟಿ ನೋಡಬೇಕಂತೆ. ಇದೇ ಹದಿನೆಂಟಕ್ಕೆ ನಿನ್ನಲ್ಲಿಗೆ ಬಂದಿಳಿಯುತ್ತಾನೆ. ಎಲ್ಲಿಗೆ ಕರೆದುಕೊಂಡು ಹೋಗುತ್ತೀಯೋ, ಏನು ತೋರಿಸುತ್ತೀಯೋ, ಇನ್ನು ನಿನಗೆ ಬಿಟ್ಟದ್ದು.