ಮೂರನೇ ವಾರ್ಡಿನ ತವರು ಡಬ್ಬಿ

ಲೇಡೀಸ್ ಹಾಸ್ಟೆಲ್, ಸವಳಂಗ ರಸ್ತೆ,
ಶಿವಮೊಗ್ಗ
ಭಾನುವಾರ, 9 ಮಾರ್ಚ್ 2025

ಪ್ರೀತಿಯ ದೊಡ್ಡಮ್ಮ,

ನಿಮಗೂ ದೊಡ್ಡಪ್ಪನಿಗೂ ಯಶು ಮಾಡುವ ನಮಸ್ಕಾರ. ಗುರುವಾರದಿಂದ ನೀವು ಐದು ಸಲ ಫೋನ್ ಮಾಡಿದ್ದೀರಿ. ಐದೂ ಸಲ ಫೋನ್ ನನ್ನ ಕೈಯಲ್ಲೇ ಇತ್ತು. ನಿಮ್ಮ ಹೆಸರು ಬಂದು ಬಂದು ನಿಂತುಹೋಗೋ ತನಕ ನೋಡ್ತಾ ಕೂತಿದ್ದೆ, ಹೆಬ್ಬೆರಳು ಏಳಲೇ ಇಲ್ಲ. ಸಾರಿ ದೊಡ್ಡಮ್ಮ. ಬಾಯಲ್ಲಿ ಹೇಳೋಕೆ ಆಗದ್ದನ್ನ ನಾನು ಬರೆದೇ ಹೇಳೋದು ಅಂತ ನಿಮಗೆ ಗೊತ್ತು. ಐದನೇ ಕ್ಲಾಸಿನಿಂದ ಹಾಸ್ಟೆಲ್, ವಾರಕ್ಕೆ ಒಂದೇ ಪತ್ರ, ಅಮ್ಮನಿಗೆ ಓದೋಕೆ ಬರಲ್ಲ ಅಂತ ಅದೆಲ್ಲ ನಿಮ್ಮ ವಿಳಾಸಕ್ಕೇ ಬರ್ತಿತ್ತು. ವಾರ್ಡನ್ ಓದಿ ಪಾಸ್ ಮಾಡಿದ ಪತ್ರದಲ್ಲೂ ನೀವು ನನ್ನ ಅಳು ಕಂಡುಹಿಡೀತಿದ್ರಿ. ಇದನ್ನ ಯಾವ ವಾರ್ಡನ್ನೂ ಓದಿಲ್ಲ.

ನೀವು ಮೊದಲು ಕೇಳೋದು ಅದೇ ಅಂತ ಮೊದಲೇ ಬರೀತೀನಿ: ಊಟ ಮಾಡ್ತಿದ್ದೀನಿ. ಇವತ್ತು ಮೆಸ್ಸಿನಲ್ಲಿ ಪಲಾವ್. ರೂಮ್‌ಮೇಟ್ ಮೋನಿಕಾ ತಟ್ಟೆ ಮುಂದೆ ಕೂರಿಸಿ, "ತಿನ್ನೇ ಮಾರಾಯ್ತಿ, ನೀನು ಬಿದ್ದರೆ ನಿನ್ನ ಎತ್ಕೊಂಡು ಮೂರು ಮಹಡಿ ಇಳಿಯೋಕೆ ನನ್ನ ಕೈಲಾಗಲ್ಲ" ಅಂದಳು. ತಿಂದೆ. ಅಮ್ಮನಿಗೆ ಇನ್ನೂ ಏನೂ ಹೇಳಿಲ್ಲ.

ಗುರುವಾರ ಮೀಟಿಂಗ್ ಹಾಲಿನ ಬಾಗಿಲು ಹಾಕಿತ್ತು. ನಿಮ್ಮನ್ನ ಕರೆಯೋ ಮುಂಚೆ ಒಳಗೆ ಏನು ನಡೀತು ಅಂತ ನಿಮಗೆ ಯಾರೂ ನೆಟ್ಟಗೆ ಹೇಳಿರಲ್ಲ. ನಾನು ಮೊದಲಿಂದ ಹೇಳ್ತೀನಿ.

ಜನವರಿಯಲ್ಲಿ ನಮ್ಮ ಡಿಸೈನ್ ಮೇಡಂ, "ಫಸ್ಟ್ ಇಯರ್ ಅಂತ ಆಟ ಆಡಬೇಡಿ, ಒಂದು ಜಾಗಕ್ಕೆ ಹೋಗಿ ಜನ ಹೇಗೆ ಕೆಲಸ ಮಾಡ್ತಾರೆ ನೋಡಿ, ಅವರಿಗೆ ಬೇಕಾದ ಆ್ಯಪ್ ಮಾಡಿ" ಅಂದರು. ನನಗೆ ಗೊತ್ತಿದ್ದ ಜಾಗ ಒಂದೇ, ನೀವು ನರ್ಸ್ ಆಗಿರೋ ಭದ್ರಾವತಿಯ ಆಸ್ಪತ್ರೆ. ನೀವೇ ಆಡಳಿತ ನೋಡೋ ಚಂದ್ರಹಾಸ್ ಸರ್ ಹತ್ತಿರ ಹೋಗಿ, "ನನ್ನ ತಂಗಿ ಮಗಳು ಸರ್, ಇಂಜಿನಿಯರಿಂಗು. ಸ್ಟೋರಿಗೆ ಏನೋ ಮಾಡ್ಕೊಡ್ತಾಳಂತೆ" ಅಂತ ಪರ್ಮಿಷನ್ ತಂದಿರಿ. ಕಾರಿಡಾರಿನಲ್ಲಿ ಸಿಕ್ಕವರಿಗೆಲ್ಲ ಅದನ್ನೇ ಹೇಳಿದಿರಿ. ಲಿಫ್ಟಿನವನಿಗೂ ಹೇಳಿದಿರಿ.

ಸ್ಟೋರಿನ ಗಣಪಯ್ಯನವರು ನನ್ನನ್ನೂ ನನ್ನ ಜೊತೆ ಪ್ರಾಜೆಕ್ಟ್ ಮಾಡ್ತಿದ್ದ ಕ್ಲಾಸ್‌ಮೇಟ್ ನಿಶಾಂತ್‌ನನ್ನೂ ನೋಡಿ, "ಬನ್ನಿ ಕಂಪ್ಯೂಟರುಗಳೇ, ನನ್ನನ್ನ ಮನೆಗೆ ಕಳಿಸೋಕೆ ಬಂದ್ರಾ?" ಅಂದಿದ್ದರು. ಆಮೇಲೆ ಅವರೇ ಕೂರಿಸಿಕೊಂಡು ಎಲ್ಲ ತೋರಿಸಿದರು. ವಾರ್ಡಿನಿಂದ ಚೀಟಿ ಬರಬೇಕು, ಚೀಟಿಗೆ ಚಂದ್ರಹಾಸ್ ಸರ್ ಸೈನ್ ಆಗಬೇಕು, ಆಮೇಲೆ ಬೀರು ತೆಗೆಯೋದು. ಸಂಜೆ ಐದಕ್ಕೆ ಬೀಗ. ಭಾನುವಾರ ಇಡೀ ದಿನ ಬೀಗ. ಹಾಗಿದ್ದೂ ವಾರ್ಡಿನಲ್ಲಿ ಯಾವತ್ತೂ ಸೂಜಿ ಇಲ್ಲ, ದಾರ ಇಲ್ಲ ಅಂತ ಆಗಿಲ್ಲ. ಅದು ಹೇಗೆ ಸಾಧ್ಯ ಅನ್ನೋದು ನಾವು ಕೇಳಬೇಕಾಗಿದ್ದ ಮೊದಲನೇ ಪ್ರಶ್ನೆ. ನೋಟ್‌ಬುಕ್ಕಿನಲ್ಲಿ ನಲವತ್ತು ಪ್ರಶ್ನೆ ಬರ್ಕೊಂಡು ಹೋಗಿದ್ದೆ, ಅದೊಂದು ಇರಲಿಲ್ಲ.

ಆ್ಯಪ್ ಚೆನ್ನಾಗಿ ಆಗೋಕೆ ಕಾರಣ ನಿಮ್ಮ ವಾರ್ಡಿನ ಆಯಾ ದ್ಯಾಮಮ್ಮ. ನಾನು ಡ್ರಿಪ್ ಹಾಕೋ ಸೂಜಿಗಳ ಹೆಸರನ್ನ ಇಂಗ್ಲಿಷಿನಲ್ಲಿ, ನಂಬರಿನಲ್ಲಿ ಹಾಕಿದ್ದೆ. ಅವರು ಫೋನ್ ದೂರ ಹಿಡಿದು ನೋಡಿ, "ಇದೆಲ್ಲ ಯಾಕವ್ವ? ಗುಲಾಬಿ ದೊಡ್ಡೋರ್ದು, ನೀಲಿ ಸಣ್ಣ ನರದೋರ್ದು, ಹಳದಿ ಕೂಸಿಂದು. ಬಣ್ಣ ಹಾಕು, ಕುರುಡರೂ ಒತ್ತಬಹುದು" ಅಂದರು. ಬಣ್ಣ ಹಾಕಿದೆ. ಒದ್ದೆ ಕೈಯಲ್ಲೂ ಒತ್ತೋ ಹಾಗೆ ಬಟನ್ ದೊಡ್ಡದು ಮಾಡಿದೆ. ಪ್ಯಾಕೆಟ್ ಮೇಲಿನ ಬಾರ್‌ಕೋಡಿಗೆ ಫೋನ್ ತೋರಿಸಿದರೆ ಟಿಣ್ ಅನ್ನುತ್ತೆ. ದ್ಯಾಮಮ್ಮ ಒಂದು ಮಧ್ಯಾಹ್ನವೆಲ್ಲ ಬಸ್ ಕಂಡಕ್ಟರ್ ಥರ ಟಿಣ್ ಟಿಣ್ ಮಾಡಿಕೊಂಡು, "ರೈಟ್ ರೈಟ್, ಹೊಸ ಸೇತುವೆ ಇಳಿಯೋರು ಮುಂದೆ ಬನ್ನಿ" ಅಂತ ಪೇಷಂಟುಗಳನ್ನೆಲ್ಲ ನಗಿಸಿದರು. ನಾನು ಆವತ್ತು ಎಷ್ಟು ಖುಷಿಯಾಗಿದ್ದೆ ಅಂದರೆ ವಾಪಸ್ ಬರೋ ಬಸ್ಸಿನಲ್ಲಿ ನಾನು ಇಳಿಯೋ ಆಲ್ಕೊಳ ಸರ್ಕಲ್ ದಾಟಿದ್ದೇ ಗೊತ್ತಾಗಲಿಲ್ಲ.

ಆ್ಯಪಿನ ಲೆಕ್ಕ ಸುಲಭ. ಸ್ಟೋರಿನಿಂದ ವಾರ್ಡಿಗೆ ಹೋದದ್ದು ಎಷ್ಟು, ವಾರ್ಡಿನಲ್ಲಿ ಇರೋದು ಎಷ್ಟು. ತಾಳೆಯಾದರೆ ಹಸಿರು. ಸ್ಟೋರಿನಿಂದ ಹೋಗದೇ ಇರೋ ಸಾಮಾನು ವಾರ್ಡಿನಲ್ಲಿ ಕಂಡರೆ ಕೆಂಪು. ಕೆಂಪಿನ ಪಕ್ಕ ಆ ವಾರ್ಡಿನ ಜವಾಬ್ದಾರಿ ಯಾರದೋ ಅವರ ಫೋಟೋ ಬರುತ್ತೆ. ಓದೋಕೆ ಬರದವರಿಗೂ ಯಾರನ್ನ ಕೇಳಬೇಕು ಅಂತ ಗೊತ್ತಾಗಲಿ ಅಂತ ಫೋಟೋ. ಅದು ನನ್ನದೇ ಐಡಿಯಾ. ಮೇಡಂ "ವೆರಿ ಹ್ಯೂಮನ್" ಅಂತ ಮಾರ್ಜಿನ್ನಿನಲ್ಲಿ ಬರೆದಿದ್ದರು.

ಗುರುವಾರ ಹಾಲಿನಲ್ಲಿ ಆ್ಯಪಿನ ಡೆಮೋ, ಪ್ರೊಜೆಕ್ಟರಿನಲ್ಲಿ ಗೋಡೆ ಮೇಲೆ. ಕೂತಿದ್ದವರು ಚಂದ್ರಹಾಸ್ ಸರ್, ಇಬ್ಬರು ಡಾಕ್ಟರುಗಳು, ನಮ್ಮ ಮೇಡಂ. ನಿಶಾಂತ್ ಒಂದನೇ ವಾರ್ಡ್ ಒತ್ತಿದ, ಹಸಿರು. ಎರಡನೇದು, ಹಸಿರು. ಮೂರನೇದು ಒತ್ತಿದ. ಗೋಡೆ ತುಂಬ ಕೆಂಪು. ನಲವತ್ತೊಂದು ಐಟಂ. ಪಕ್ಕದಲ್ಲಿ ನಿಮ್ಮ ಫೋಟೋ. ಸಂಕ್ರಾಂತಿ ದಿನ ನಿಮ್ಮ ಮನೆ ಮೆಟ್ಟಿಲ ಮೇಲೆ ನಾನೇ ತೆಗೆದದ್ದು, ಮಲ್ಲಿಗೆ ಮುಡ್ಕೊಂಡಿದ್ದೀರಲ್ಲ, ಅದು. ಅಷ್ಟು ದೊಡ್ಡದಾಗಿ, ಆಳೆತ್ತರ. ಮೇಡಂ ಮೊದಲು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ದೊಡ್ಡಮ್ಮ, ನಾನೂ ತಟ್ಟಿದೆ. ನನ್ನ ಕೈ ತಟ್ಟಿಕೊಳ್ತಾ ಇದ್ದದ್ದನ್ನ ನಾನೇ ನೋಡ್ತಾ ಇದ್ದೆ.

ಚಂದ್ರಹಾಸ್ ಸರ್ ಮಾತ್ರ ತಟ್ಟಲಿಲ್ಲ. "ಇದು ಸುಮ್ನೆ ಶೋಗೆ ಹಾಕಿದ್ದೋ, ನಿಜವಾದ ಲೆಕ್ಕಾನೋ?" ಅಂದರು. ನಿಶಾಂತ್ ಎದೆಯುಬ್ಬಿಸಿ, "ರಿಯಲ್ ಡೇಟಾ ಸರ್" ಅಂದ. ಸರ್ ಬಾಗಿಲ ಕಡೆ ತಿರುಗಿ, "ಆ ಯಮ್ಮನ್ನ ಕರೀರಿ" ಅಂದರು. ಇಪ್ಪತ್ತೇಳು ವರ್ಷ "ಧನಲಕ್ಷ್ಮಿ ಸಿಸ್ಟರ್" ಅಂತ ಕರೆಸಿಕೊಂಡವರು ಒಂದು ನಿಮಿಷದಲ್ಲಿ "ಆ ಯಮ್ಮ" ಆಗಿಬಿಟ್ಟಿರಿ.

ನೀವು ಕೈ ಒರೆಸಿಕೊಳ್ತಾ ಒಳಗೆ ಬಂದಿರಿ. ಗೋಡೆ ಮೇಲೆ ನಿಮ್ಮ ಫೋಟೋ ನೋಡಿದಿರಿ. ನೋಡಿ ನಕ್ಕಿರಿ. ಹುಡುಗಿ ಪ್ರೀತಿಗೆ ಹಾಕಿದ್ದಾಳೆ ಅಂದುಕೊಂಡು ನನ್ನ ಕಡೆ ತಿರುಗಿ ನಕ್ಕಿರಿ. ಕಣ್ಣು ಮುಚ್ಚಿದರೆ ನನಗೆ ಆ ನಗುವೊಂದೇ ಕಾಣೋದು.

ಆಮೇಲಿನದು ನಿಮಗೇ ಗೊತ್ತು. "ಇದೆಲ್ಲ ಎಲ್ಲಿಂದ ಬಂತು? ಯಾವ ಮೆಡಿಕಲ್ ಶಾಪಿಗೆ ಕೊಡೋಕೆ ಇಟ್ಕೊಂಡಿದ್ದೆ?" ಅಂದರು ಸರ್. ನೀವು, "ಡಿಸ್ಚಾರ್ಜ್ ಆದೋರು ಬಿಟ್ಟು ಹೋಗಿದ್ದು ಸರ್. ಹೊತ್ತಲ್ಲದ ಹೊತ್ತಲ್ಲಿ, ಏನೂ ಇಲ್ದೆ ಬಂದೋರಿಗೆ ಹಾಕ್ತೀವಿ" ಅಂದಿರಿ. "ಬಿಲ್ ಇಲ್ದೆ?" "ಹೌದು ಸರ್, ಬಿಲ್ ಇಲ್ದೆ." "ಹಂಗಾದ್ರೆ ಒಪ್ಕೊಂಡಂಗಾಯ್ತು." ಅಷ್ಟೇ. ಇನ್ನು ಒಂದು ವಾಕ್ಯಾನೂ ಅವರು ಕೇಳಲಿಲ್ಲ. ನನ್ನ ಕಡೆ ತಿರುಗಿ, "ಸ್ವಂತ ದೊಡ್ಡಮ್ಮ ಅಂತ ಮುಚ್ಚಿಡಲಿಲ್ಲ ನೋಡು, ಗುಡ್" ಅಂದರು. ಆಗ ನೀವು ಹೇಳಿದ್ದು ಇದು. "ಮಗು ಸರ್ ಅದು. ಅದಕ್ಕೇನು ಗೊತ್ತು? ಕಂಡಿದ್ದನ್ನ ಕಂಡಂಗೆ ಹಾಕಿದೆ. ಅದರ ಮಾರ್ಕ್ಸಿಗೆ ಏನೂ ಮಾಡ್ಬೇಡಿ."

ಗೇಟಿನಲ್ಲಿ ಸೆಕ್ಯುರಿಟಿಯವರು ನಿಮ್ಮ ಬ್ಯಾಗ್ ತೆಗೆಸಿದ್ದನ್ನ ಮೇಲಿನ ಕಿಟಕಿಯಿಂದ ನೋಡಿದೆ. ಟಿಫಿನ್ ಡಬ್ಬಿ ಮುಚ್ಚಳಾನೂ ತೆಗೆಸಿದರು. ದಿನಾ "ಗುಡ್ ಈವನಿಂಗ್ ಸಿಸ್ಟರ್" ಅನ್ನೋ ಮನುಷ್ಯ, ಪಾಪ, ಆ ಕಡೆ ಮುಖ ಮಾಡ್ಕೊಂಡೇ ಕೈ ಹಾಕಿದ.

ನಾನು ಇಳಿದು ಬಂದಾಗ ದ್ಯಾಮಮ್ಮ ಗೇಟಿನ ಹತ್ತಿರ ನಿಂತಿದ್ದರು. ಅವರ ಬಾಯಿಂದಲೇ ನನಗೆ ಗೊತ್ತಾಗಿದ್ದು. ಬೆಡ್‌ಶೀಟ್ ಬೀರುವಿನ ಮೇಲೆ ಒಂದು ಹಳೇ ಬಿಸ್ಕತ್ ಡಬ್ಬಿ ಇರುತ್ತೆ, ಅದನ್ನ ವಾರ್ಡಿನವರೆಲ್ಲ ತವರು ಡಬ್ಬಿ ಅಂತಾರೆ. ಏನೂ ಇಲ್ಲದಾಗ ತವರಿಗೆ ಹೋದ ಹಾಗೆ ಅಲ್ಲಿಗೆ ಕೈ ಹಾಕೋದು. ಪ್ರತಿ ವಾರ್ಡಿನಲ್ಲೂ ಒಂದಿದೆ, ಯಾವ ಪುಸ್ತಕದಲ್ಲೂ ಇಲ್ಲ. ಭಾನುವಾರ, ಬೀಗ ಹಾಕಿದ ಮೇಲೆ, ವಾರ್ಡ್ ನಡೆಯೋದೇ ಅದರಿಂದ. ಆ ಡಬ್ಬಿ ಹೇಗೋ ನಮ್ಮ ಲಿಸ್ಟಿಗೆ ಬಂದುಬಿಟ್ಟಿದೆ. ಎರಡು ದಿನ ಎಲ್ಲ ಬೀರುಗಳನ್ನೂ ಸ್ಕ್ಯಾನ್ ಮಾಡಿದೆವಲ್ಲ, ಆ ಗಡಿಬಿಡಿಯಲ್ಲಿ ಅದೂ ಸೇರಿಕೊಂಡಿರಬೇಕು.

ಹಾಸ್ಟೆಲಿಗೆ ಬಂದ ತಕ್ಷಣ ಆ ನಲವತ್ತೊಂದು ಎಂಟ್ರಿ ಅಳಿಸೋಕೆ ಕೂತೆ. ಆಗಲಿಲ್ಲ. ನಮ್ಮ ಆ್ಯಪಿನಲ್ಲಿ ಅಳಿಸೋ ಬಟನ್ ಇಲ್ಲ ದೊಡ್ಡಮ್ಮ. ಯಾರೂ ಮೋಸ ಮಾಡದ ಹಾಗೆ ಇರಲಿ ಅಂತ ನಾನೇ ಅದನ್ನ ತೆಗೆಸಿದ್ದೆ. ನಿಶಾಂತ್‌ಗೆ ಫೋನ್ ಮಾಡಿದರೆ, "ಲೇ, ಹುಚ್ಚಾ ನಿನಗೆ? ಇಪ್ಪತ್ತೈದಕ್ಕೆ ಇಪ್ಪತ್ನಾಲ್ಕು ಬಂದಿದೆ. ಒಂದನೇ ತಾರೀಖಿಂದ ಎಲ್ಲಾ ವಾರ್ಡಿಗೂ ಹಾಕ್ತಾರಂತೆ" ಅಂದ. ಆಮೇಲೆ, "ಅವರು ನಿಮ್ಮ ದೊಡ್ಡಮ್ಮ ಅಲ್ವಾ" ಅಂದ.

ನಿನ್ನೆ ಗಣಪಯ್ಯನವರ ಫೋನ್. "ಮಾರಾಯ್ತಿ, ಸಿಸ್ಟರ್ ಡಬ್ಬೀನ ಸರ್ ತರಿಸಿ ಇಟ್ಕೊಂಡ್ರು. ನಿಮ್ಮ ಟಿಣ್ ಟಿಣ್‌ಗೆ ಹೆದರಿ ಉಳಿದ ವಾರ್ಡಿನೋರೂ ಡಬ್ಬಿಗಳನ್ನ ಕಸಕ್ಕೆ ಸುರಿದ್ರು" ಅಂದರು. ಶುಕ್ರವಾರ ಸಂಜೆ ಆರೂವರೆಗೆ ವಾಂತಿಭೇದಿ ಆಗಿ ಒಂದು ಎಂಟು ತಿಂಗಳ ಕೂಸು ಬಂತಂತೆ. ಹಳದಿ ಸೂಜಿ ಒಂದೂ ಇರಲಿಲ್ಲವಂತೆ. ಗಣಪಯ್ಯನವರು ಮನೆಯಿಂದ ಬೀಗದ ಕೈ ತಗೊಂಡು ಸ್ಕೂಟರಿನಲ್ಲಿ ಬರೋಕೆ ಇಪ್ಪತ್ತು ನಿಮಿಷ. ಕೂಸು ಚೆನ್ನಾಗಿದೆ ದೊಡ್ಡಮ್ಮ. ಚೆನ್ನಾಗಿದೆ ಅಂತ ಅವರು ಎರಡು ಸಲ ಹೇಳಿದರು, ನಾನು ಮೂರನೇ ಸಲ ಹೇಳಿಸಿಕೊಂಡೆ.

ಬುಧವಾರ ಹತ್ತು ಗಂಟೆಗೆ ನಿಮ್ಮ ವಿಚಾರಣೆ ಅಂತಲೂ, ಕೆಲಸ ಹೋದರೂ ಹೋಗಬಹುದು ಅಂತಲೂ ಅವರೇ ಹೇಳಿದರು. ನಾನೂ ಬರ್ತೀನಿ. ಕ್ಲಾಸ್ ಹೋದರೆ ಹೋಗಲಿ. ಡಬ್ಬಿ ಯಾಕೆ ಬೇಕು ಅನ್ನೋದನ್ನ ನಾನೇ ವಿಚಾರಣೆ ಮಾಡೋರಿಗೆ ಹೇಳ್ತೀನಿ, ಕೂಸಿನ ವಿಷಯಾನೂ ಹೇಳ್ತೀನಿ. ದೊಡ್ಡಪ್ಪ ಬಿಪಿ ಮಾತ್ರೆ ಮರೀತಾರೆ, ನೋಡಿಕೊಳ್ಳಿ. ಈ ಪತ್ರವನ್ನ ಮೋನಿಕಾ ಕೈಯಲ್ಲಿ ಕಳಿಸ್ತಿದ್ದೀನಿ, ನಾಳೆ ಬೆಳಗ್ಗೆ ಅವಳು ಭದ್ರಾವತಿಯ ಅವರ ಮನೆಗೆ ಹೋಗ್ತಾಳೆ. ಅವಳಿಗೆ ಕಾಫಿ ಕೊಡಿ, ಆದರೆ ನನ್ನ ವಿಷಯ ಏನೂ ಕೇಳಬೇಡಿ, ಅವಳು ಅತ್ತುಬಿಡ್ತಾಳೆ.

ಆಶೀರ್ವಾದ ಮಾಡಿ ಅಂತ ಬರೆಯೋಕೆ ಮುಖ ಇಲ್ಲ. ಆದರೂ ನಿಮ್ಮ ಕೈ ಒಂದು ಸಲ ತಲೆ ಮೇಲೆ ಬೇಕು.

ನಿಮ್ಮ
ಯಶೋಧರಾ

ತಾ.ಕ. ಕವರ್ ಅಂಟಿಸಿದ್ದೆ, ಮತ್ತೆ ಹರಿದು ತೆಗೆದೆ.

ಮೇಲೆ ಒಂದು ಸುಳ್ಳು ಬರೆದಿದ್ದೀನಿ. ದ್ಯಾಮಮ್ಮ ಡಬ್ಬಿ ವಿಷಯ ಹೇಳಿದ್ದು ಗೇಟಿನಲ್ಲಿ ಅಲ್ಲ. ಟಿಣ್ ಟಿಣ್ ಆಟ ಆಡಿದ ಮಧ್ಯಾಹ್ನವೇ, ನನ್ನನ್ನ ಪಕ್ಕಕ್ಕೆ ಕರೆದು, "ಸಿಸ್ಟರ್ ಮಗಳು ಅಂತ ಹೇಳ್ತೀನಿ, ಇದಕ್ಕೆ ನಿನ್ನ ಮಷೀನ್ ತೋರಿಸ್ಬೇಡವ್ವ" ಅಂದಿದ್ದರು. ಗೇಟಿನಲ್ಲಿ ಅವರು ಆಡಿದ್ದು ಒಂದೇ ಮಾತು. "ಹೇಳಿದ್ದೆನಲ್ಲವ್ವ."

ನಿಶಾಂತ್‌ಗೆ ಆ ಡಬ್ಬಿ ಇರೋದೇ ಗೊತ್ತಿರಲಿಲ್ಲ. ಡೆಮೋಗೆ ಮೂರು ದಿನ ಇತ್ತು. ಎಲ್ಲಾ ವಾರ್ಡೂ ಹಸಿರು ಬರ್ತಿತ್ತು. ಮೇಡಂ ನೋಡಿ, "ಎಲ್ಲ ಸರಿಯಾಗೇ ಇದ್ದರೆ ನಿಮ್ಮ ಆ್ಯಪ್ ಯಾಕೆ ಬೇಕು?" ಅಂದುಬಿಟ್ಟರು. ನನಗೆ ಒಂದು ಕೆಂಪು ಬೇಕಾಗಿತ್ತು. ಸೋಮವಾರ ನೀವು, "ಯಶು, ಖಾಲಿ ಹೊಟ್ಟೇಲಿ ಇದ್ದೀಯ, ಇರು" ಅಂತ ನನಗೆ ಊಟ ತರೋಕೆ ಕ್ಯಾಂಟೀನಿಗೆ ಹೋದಿರಿ. ನಾನು ಸ್ಟೂಲ್ ಹಾಕಿಕೊಂಡು ಡಬ್ಬಿ ಇಳಿಸಿದೆ. ಒಳಗೆ ನಿಮ್ಮ ಕೈಬರಹದ ಚೀಟಿ ಇತ್ತು, ಯಾವ ತಾರೀಖು ಯಾರಿಗೆ ಏನು ಹಾಕಿದ್ದು ಅಂತ, ಒಬ್ಬೊಬ್ಬರ ಹೆಸರೂ. ಅದನ್ನ ಓದಿದೆ. ಓದಿ ಪಕ್ಕಕ್ಕಿಟ್ಟು ನಲವತ್ತೊಂದನ್ನೂ ಸ್ಕ್ಯಾನ್ ಮಾಡಿದೆ. ಶಬ್ದ ಕೇಳದ ಹಾಗೆ ಟಿಣ್ ಆಫ್ ಮಾಡಿಕೊಂಡಿದ್ದೆ. ಇಷ್ಟು ದೊಡ್ಡದಾಗುತ್ತೆ ಅಂತ ಅಂದುಕೊಂಡಿರಲಿಲ್ಲ, ಅದು ನಿಜ. ಆದರೆ ಅದು ಬೇರೆ ಮಾತು.

ನೀವು ತಟ್ಟೆ ಹಿಡ್ಕೊಂಡು ಬರೋ ಹೊತ್ತಿಗೆ ಡಬ್ಬಿ ಮೇಲೆ ಇಟ್ಟಾಗಿತ್ತು. ಮುದ್ದೆ, ಬಸ್ಸಾರು. ಪೂರ್ತಿ ತಿಂದೆ.

ಬುಧವಾರ ಇದನ್ನೇ ಅವರ ಮುಂದೆ ಹೇಳ್ತೀನಿ, ಆ ಚೀಟಿ ತರಿಸಿ ಓದಿ ಅಂತಾನೂ ಹೇಳ್ತೀನಿ. ಆಗ ನೀವು ದಯವಿಟ್ಟು "ಮಗು, ಅದಕ್ಕೇನು ಗೊತ್ತು" ಅನ್ನಬೇಡಿ. ಗೊತ್ತಿತ್ತು ದೊಡ್ಡಮ್ಮ.