ಹೊಸ ಹಲ್ಲು, ಹಳೇ ಸ್ಯಾಕ್ಸೋಫೋನ್

ಮಾರ್ಚ್ 3, ಬೆಳಿಗ್ಗೆ

ಸ್ಯಾಕ್ಸೋಫೋನಿನ ರೀಡ್ ನೆನೆಸಿದೆ. ಹೊಸ ಹಲ್ಲಿನ ಸೆಟ್ ಹಾಕಿಕೊಂಡೆ. ಊದಿದೆ. ಎಣ್ಣೆ ಕಾಣದ ಬಾಗಿಲಿನ ಸದ್ದು. ಅಡುಗೆಮನೆಯಿಂದ ಇವಳು, "ರೀ, ಕೋಳಿ ಯಾವಾಗ ತಂದ್ರಿ?" ಅಂದಳು.

ಡೆಂಟಿಸ್ಟ್ ಹೇಳಿದ್ದು — ಚೆನ್ನಾಗಿ ತಿನ್ನಬಹುದು, ಚೆನ್ನಾಗಿ ನಗಬಹುದು. ಊದುವುದರ ಬಗ್ಗೆ ಕೇಳಿದರೆ ಕೈ ತೊಳೆಯಲು ಎದ್ದುಹೋದ.

22ಕ್ಕೆ ದೊಡ್ಡ ಹಾಲಿನಲ್ಲಿ ನನ್ನ ಹೆಸರಿನ ಜಾಝ್ ಕಾರ್ಯಕ್ರಮ. ಶಿಷ್ಯರೆಲ್ಲ ಸೇರಿ ಮಾಡುತ್ತಿರುವುದು. ಕೊನೆಗೆ ನಾನೂ ಒಂದು ನುಡಿಸಬೇಕು. ಹೋಟೆಲ್ ಬ್ಯಾಂಡಿನಲ್ಲಿ, ಊಟ ಮಾಡುವವರ ಬೆನ್ನಿಗೆ ಊದಿ ಊದಿ ಮುದುಕನಾದವನು. ಈಗ ಎಲ್ಲರೂ ನನ್ನತ್ತಲೇ ಮುಖ ಮಾಡಿ ಕೂರುತ್ತಾರಂತೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ... ಈ ಗಾದೆ ಕಟ್ಟಿದವನೂ ಸ್ಯಾಕ್ಸೋಫೋನ್ ಊದುತ್ತಿದ್ದನೋ ಏನೋ.

ಮಾರ್ಚ್ 6

ಲಂಬು ಬಂದಿದ್ದ. ನನ್ನ ಮೊದಲ ಶಿಷ್ಯ, ಈಗ ಅವನಿಗೇ ತಲೆ ನೆರೆತಿದೆ. ತನ್ನ ಶಿಷ್ಯರನ್ನೂ ಕರೆತಂದಿದ್ದ. ಎಲ್ಲರೂ ಕತ್ತು ವಾಲಿಸಿ, ಮೌತ್‌ಪೀಸನ್ನು ಬಾಯಿಯ ಎಡಮೂಲೆಗೆ ಸಿಕ್ಕಿಸಿಕೊಂಡು ಊದಿದರು. ಯಾಕಮ್ಮ ಹೀಗೆ, ಅಂತ ಒಬ್ಬಳನ್ನು ಕೇಳಿದೆ.

"ಇದು ನಿಮ್ಮ ಸ್ಟೈಲ್ ಅಲ್ವಾ ಸರ್? ಹೀಗ್ ಊದಿದ್ರೇನೇ ಆ ಸೌಂಡ್ ಬರೋದು."

ಸ್ಟೈಲಂತೆ. ಪ್ರಾಯದಲ್ಲಿ ಹೋಟೆಲಿನ ಸ್ಟೇಜಿನಿಂದ ಮುಗ್ಗರಿಸಿ ಬಿದ್ದೆ. ವಾದ್ಯ ಉಳಿಸಿಕೊಂಡೆ, ಮುಂದಿನ ಹಲ್ಲು ಮುರಿಯಿತು. ಅಂದಿನಿಂದ ಎಡಮೂಲೆಯೇ ಗತಿ. ಪೇಪರಿನವರು ಅದನ್ನೇ ಹೊಗಳಿದರು. ರೆಕಾರ್ಡ್ ಕೇಳಿ, ಫೋಟೋ ನೋಡಿ, ನಾನು ಕಾಣದ ಊರುಗಳಲ್ಲೂ ಕತ್ತು ವಾಲಿಸುತ್ತಿದ್ದಾರಂತೆ. ಪಾಪ, ಹೇಗೆ ಹೇಳಲಿ. ನಗು ತಡೆಯಲಾಗದೆ ಬಚ್ಚಲಿಗೆ ಹೋಗಿ ನಕ್ಕೆ.

ಮಾರ್ಚ್ 14

ಬರೆಯಲು ಮನಸ್ಸಿರಲಿಲ್ಲ. ಎಡಮೂಲೆಯಲ್ಲಿ ಕಚ್ಚಿದರೆ ಸೆಟ್ಟೇ ಎದ್ದು ಬರುತ್ತದೆ. ನಡುವೆ ಇಟ್ಟರೆ ಸದ್ದೇನೋ ಬರುತ್ತದೆ — ನನ್ನದಲ್ಲ. ಯಾರೋ ಪರಕೀಯ. ಆಗುವುದಿಲ್ಲವೆಂದು ಲಂಬುಗೆ ಫೋನ್ ಮಾಡಿದೆ.

"ಪರವಾಗಿಲ್ಲ ಸರ್. ಬಂದು ಕೂತ್ಕೊಳ್ಳಿ, ಸಾಕು."

ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ವಾದ್ಯ ಮಂಚದ ಕೆಳಗೆ ತಳ್ಳಿದೆ. ಬದುಕಿರುವಾಗಲೇ ಫೋಟೋ ಆಗಿ ಕೂರುವುದು. ತುಂಬ ಭಯವಾಯಿತು.

ಇವಳು ಬಟ್ಟೆ ಮಡಿಸುತ್ತಿದ್ದಳು. "ನಿಮ್ಮ ಸೌಂಡ್ ಹೋಯ್ತು ಅಂತ ಯಾಕ್ರೀ ಗೋಳಾಡ್ತೀರ? ಅದನ್ನ ಊದೋಕೆ ಅಷ್ಟೊಂದ್ ಜನ ಇದಾರಲ್ಲ. ನೀವು ಬೇರೆ ಏನಾದ್ರೂ ಊದಿ."

ಮಾರ್ಚ್ 15

ಮಂಚದ ಕೆಳಗಿಂದ ತೆಗೆದೆ. ಮೌತ್‌ಪೀಸ್ ನಡುವೆ. ಕತ್ತು ನೆಟ್ಟಗೆ. ಹೊಸದಾಗಿ ಸೇರಿದವನ ಹಾಗೆ ಒಂದೊಂದೇ ಸ್ವರ, ನಿಧಾನ. ಮಧ್ಯಾಹ್ನದ ಹೊತ್ತಿಗೆ ಒಂದು ಸ್ವರ ಅಲುಗದೆ ನಿಂತಿತು. ಸಪ್ಪೆ ಅಂದುಕೊಂಡಿದ್ದೆ. ಅಲ್ಲ, ತಿಳಿಯಾದ ಸ್ವರ.

ಒಲೆಯ ಮೇಲೆ ಹಾಲು ಉಕ್ಕಿತು. ಇವಳು ಬಾಗಿಲಿಗೆ ಒರಗಿ ನಿಂತೇ ಇದ್ದಳು.

ಮಾರ್ಚ್ 23, ಬೆಳಿಗ್ಗೆ

ನಿನ್ನೆ ಹಾಲ್ ಭರ್ತಿ. ಶಿಷ್ಯರು ಸಾಲಾಗಿ ನಿಂತು ನನ್ನ ಹಳೇ ಟ್ಯೂನುಗಳನ್ನು ನನಗಿಂತ ಚೆನ್ನಾಗಿ ನುಡಿಸಿದರು. ಹೊಟ್ಟೆಕಿಚ್ಚಾಗಬೇಕಿತ್ತು, ಕಣ್ಣಲ್ಲಿ ನೀರು ಬಂತು.

ಆಮೇಲೆ ನಾನು. ನೆಟ್ಟಗೆ ನಿಂತೆ. ಮೊದಲ ಸ್ವರಕ್ಕೇ ಗುಸುಗುಸು. ಕಣ್ಣು ಮುಚ್ಚಿ ಮುಂದುವರಿದೆ. ಯಾವಾಗ ನಿಶ್ಶಬ್ದವಾಯಿತೋ ಗೊತ್ತಿಲ್ಲ. ಮುಗಿದ ಮೇಲೆ ಮೈಕಿನಲ್ಲಿ ಹೇಳಿಯೇಬಿಟ್ಟೆ — ಅದು ಸ್ಟೈಲಲ್ಲ ಕಣ್ರಪ್ಪ, ಮುರಿದ ಹಲ್ಲು. ಸಭೆಗೆ ಸಭೆಯೇ ನಕ್ಕಿತು. ಲಂಬು ಮಾತ್ರ ನಗಲಿಲ್ಲ.

ಈಗ ಬಂದಿದ್ದಾನೆ, ವಾದ್ಯದ ಪೆಟ್ಟಿಗೆ ಸಮೇತ. ಬೇಜಾರಾಯ್ತೇನೋ, ಅಂದೆ.

"ಗೊತ್ತಿತ್ತು ಸರ್. ನಾನು ಕಲಿಯೋಕೆ ಬಂದ ವಾರಾನೇ ಅಮ್ಮ ಹೇಳಿದ್ರು," ಅಂತ ಅಡುಗೆಮನೆಯಲ್ಲಿದ್ದ ಇವಳತ್ತ ಕೈ ತೋರಿಸಿದ.

"ಮತ್ಯಾಕೋ ಇಷ್ಟು ವರ್ಷ ಹಾಗೇ ಊದಿದೆ?"

"ಆ ಸೌಂಡ್ ಅಷ್ಟು ಚೆನ್ನಾಗಿತ್ತಲ್ಲ ಸರ್. ನನ್ನ ಹಲ್ಲು ನೆಟ್ಟಗಿದೆ ಅಂತ ಅದನ್ನ ಬಿಡೋಕಾಗುತ್ತಾ?"

ಈಗ ಅವನಿಗೆ ಹೊಸದನ್ನೂ ಹೇಳಿಕೊಡಬೇಕಂತೆ. ನನಗೇ ಪೂರ್ತಿ ಬರಲ್ಲ ಕಣೋ, ಡೈರಿಗೆ ಎರಡು ಸಾಲು ಬರೆದು ಬರ್ತೀನಿ, ಅಂದೆ. ತಡೆಯಲಾರದೆ ಆಗಲೇ ಶುರುಮಾಡಿದ್ದಾನೆ. ನಡುವೆ ಇಟ್ಟುಕೊಂಡು, ಕಿರ್ರ್ ಅಂತ. ಹಾಗಲ್ಲ ಕಣೋ, ಕೆಳತುಟಿ ಸ್ವಲ್ಪ —