ಮೊಣಕೈ ಕಾಣುವ ಫೋಟೋ

ಪ್ರೀತಿಯ ತಮ್ಮನಿಗೆ,

ನಿನ್ನೆಯೂ ಅದೇ ಕನಸು. ಓಟದ ಕೊನೇ ತಿರುವಿನಲ್ಲಿ ಮಗಳು ಬೀಳುತ್ತಾಳೆ, ನಿನ್ನ ಕ್ಯಾಮೆರಾ ಕಣ್ಣು ಮುಚ್ಚಿಕೊಂಡು ಕೂತಿರುತ್ತದೆ.

ಹೋದ ವರ್ಷ ಆದದ್ದೂ ಅದೇ ತಾನೆ. ಮದುವೆ ಫೋಟೋಗೆ ಇಡುವ ಹಾಗೆ ನೀನು ಒಂದೊಂದು ಫೋಟೋನೂ ಭಾರೀ ಫೈಲಾಗುವ ರಾ ಸೆಟ್ಟಿಂಗ್ ಇಟ್ಟಿದ್ದೆ. ಅಷ್ಟು ದೊಡ್ಡ ಫೈಲುಗಳು ಮೆಮೊರಿ ಕಾರ್ಡಿಗೆ ಇಳಿಯುವವರೆಗೆ ಕ್ಯಾಮೆರಾ ನಿಂತೇಹೋಯಿತು. ಓಟ ಕಲಿಸುವ ಕೋಚಿನ ಮಗಳು ಮೊಣಕೈಯಿಂದ ನಮ್ಮವಳನ್ನು ತಿವಿದದ್ದು ಆ ಗಳಿಗೆಯಲ್ಲೇ.

"ನಿಮ್ಮ ಹುಡುಗಿ ತಾನಾಗೇ ಎಡವಿದ್ದು ಕಣಮ್ಮಾ. ಫೋಟೋ ಇದ್ರೆ ತೋರ್ಸಿ" ಅಂತ ಕೋಚ್ ಎಲ್ಲರೆದುರು ನಕ್ಕ.

ಭಾನುವಾರದ ಓಟಕ್ಕೆ ಜೆಪೆಗ್ ಇಡು. ನನ್ನ ಅರ್ಧಕ್ಕೆ ನಿಂತ ಓದಿಗೆ ತಿಳಿದದ್ದಿಷ್ಟೇ, ಅದರಲ್ಲಿ ಫೈಲು ಚಿಕ್ಕದು, ಕ್ಯಾಮೆರಾ ನಿಲ್ಲುವುದಿಲ್ಲ. ಬಣ್ಣ ಸ್ವಲ್ಪ ಮಂಕಾದರೆ ಆಗಲಿ, ಗೋಡೆಗೆ ತೂಗುಹಾಕುವುದಕ್ಕಲ್ಲ. ಮೊಣಕೈ ಕಂಡರೆ ಸಾಕು, ಎಲ್ಲರೆದುರೇ ಆ ಕೋಚಿನ ಮುಖಕ್ಕೆ ಹಿಡಿಯುತ್ತೇನೆ.

ಮಗಳಿಗೆ ಆ ಕೋಚಿನ ಮಗಳ ಪಕ್ಕದಲ್ಲೇ ಓಡು ಅಂದಿದ್ದೇನೆ. ಯಾಕೆ ಅಂತ ಹೇಳಿಲ್ಲ, ನೀನೂ ಹೇಳಬೇಡ. ಬಿದ್ದರೆ ಎತ್ತುವುದಕ್ಕೆ ನಾನಿದ್ದೇನೆ. ನೀನು ಬಟನ್ ಮೇಲಿನ ಬೆರಳು ತೆಗೆಯಬೇಡ.

ಹೊರಡುವ ಮುಂಚೆ ಕ್ಯಾಮೆರಾದಲ್ಲಿ ಜೆಪೆಗ್ ಅಂತಲೇ ಇದೆಯಾ, ಇನ್ನೊಂದು ಸಲ ನೋಡಿಬಿಡಪ್ಪ.

ನಿನ್ನ ಅಕ್ಕ